ತಲೆಯನ್ನು ಹೋದ ಸಲದ ಹಾಗೆಯೇ ಇಡಬೇಕು

ಕಾಸರಗೋಡು ಪೇಟೆಯ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಎಂ.ಆರ್.ಐ. ಯಂತ್ರ ನಡೆಸುವುದು ನನ್ನ ಕೆಲಸ. ಬರುವವರೆಲ್ಲ ನನ್ನನ್ನು ‘ಸಿಸ್ಟರ್’ ಎಂದೇ ಕರೆಯುತ್ತಾರೆ; ನಾನು ನರ್ಸ್ ಅಲ್ಲ ಎಂದು ತಿದ್ದುವುದನ್ನು ಬಿಟ್ಟು ವರ್ಷಗಳಾದವು. ಸೊಂಟನೋವು, ಮಂಡಿನೋವು, ತಲೆನೋವು, ಬೈಕಿನಿಂದ ಬಿದ್ದವರು, ಅಡಕೆ ಮರದಿಂದ ಜಾರಿದವರು: ದಿನದ ಮುಕ್ಕಾಲು ಪಾಲು ಇವರದೇ. ನಡುವೆ ಯಾವಾಗಲೋ ಒಂದು ಚೀಟಿಯಲ್ಲಿ ವೈದ್ಯರ ಗೀಚು ಅಕ್ಷರದಲ್ಲಿ ‘ಡಿಮೈಲಿನೇಷನ್’ (ನರದ ಹೊದಿಕೆ ಹೋಗುವುದು) ಎಂದೂ ಅದರ ಮುಂದೊಂದು ಪ್ರಶ್ನಾರ್ಥಕ ಚಿಹ್ನೆಯೂ ಇರುತ್ತದೆ. ಅಂಥ ಚೀಟಿ ಕಂಡರೆ ನಾನು ಮೊದಲು ಕೇಳುವುದು ಒಂದೇ: ‘‘ಹಳೆಯ ಫಿಲಂ ತಂದಿದ್ದೀರಾ?’’

‘‘ಅದೆಲ್ಲ ಹಳತಾಯಿತು, ಈಗ ಹೊಸತು ತೆಗೆಯುತ್ತೀರಲ್ಲ’’ ಎಂದು ಕೆಲವರಿಗೆ ಸಿಟ್ಟು ಬರುತ್ತದೆ. ಬದಿಯಡ್ಕದಿಂದಲೋ ಮುಳ್ಳೇರಿಯದಿಂದಲೋ ಬಸ್ಸು ಹಿಡಿದು ಬಂದವರಿಗೆ ಹಾಗೆ ಅನಿಸುವುದು ಸಹಜವೇ. ಆದರೂ ಕೇಳುತ್ತೇನೆ. ಯಾಕೆಂದು ವಿವರಿಸಲು ಅಲ್ಲಿ ಪುರುಸೊತ್ತು ಇರುವುದಿಲ್ಲ, ಬಾಗಿಲ ಹೊರಗೆ ಸಾಲು ಕಾದಿರುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅಂಥ ಚೀಟಿಯ ಹಿಂದೆ ಹೆಚ್ಚಾಗಿ ಸಂಶಯವಿರುವ ರೋಗದ ಹೆಸರು ಮಲ್ಟಿಪಲ್ ಸ್ಕ್ಲೆರೋಸಿಸ್. ಆಸ್ಪತ್ರೆಗಳಲ್ಲಿ ಎಲ್ಲರ ಬಾಯಲ್ಲೂ ಎಂ.ಎಸ್. ಮಿದುಳು, ಬೆನ್ನುಹುರಿ ಮತ್ತು ಕಣ್ಣಿನ ನರದ ತಂತುಗಳಿಗೆ ಮೈಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ. ದೇಹದ ರಕ್ಷಣಾ ವ್ಯವಸ್ಥೆ ದಾರಿ ತಪ್ಪಿ ಆ ಹೊದಿಕೆಯ ಮೇಲೆಯೇ ಬೀಳುತ್ತದೆ. ಹೊದಿಕೆ ಹೋದಲ್ಲಿ ನರದ ಸಂದೇಶ ನಿಧಾನವಾಗುತ್ತದೆ, ಇಲ್ಲವೇ ನಿಂತೇ ಹೋಗುತ್ತದೆ. ಒಂದು ಕಣ್ಣು ಮಂಜಾಗುವುದು, ಕಾಲಿಗೆ ಹಿಡಿದ ಜೋಮು ವಾರವಾದರೂ ಬಿಡದಿರುವುದು, ನಡೆಯುವಾಗ ವಾಲುವುದು, ಪೆಟ್ಟು ಎಲ್ಲಿ ಬಿತ್ತೋ ಅದರಂತೆ ಲಕ್ಷಣ. ಹೆಚ್ಚಿನವರಿಗೆ ಇಪ್ಪತ್ತರಿಂದ ನಲವತ್ತರ ಪ್ರಾಯದೊಳಗೆ ಶುರುವಾಗುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. 1868ರಲ್ಲಿ ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಶಾರ್ಕೋ ಈ ರೋಗವನ್ನು ವಿವರಿಸಿದಾಗ ಅವರು ಕಂಡದ್ದು ತೀರಿಕೊಂಡವರ ಮಿದುಳಿನಲ್ಲಿದ್ದ ಗಟ್ಟಿಯಾದ ಕಲೆಗಳನ್ನು. ಬದುಕಿರುವವರ ತಲೆಯೊಳಗೆ ಅದೇ ಕಲೆಯನ್ನು ನೋಡಲು ಮತ್ತೂ ನೂರು ವರ್ಷಕ್ಕಿಂತ ಹೆಚ್ಚು ಕಾಯಬೇಕಾಯಿತು.

ಅಲ್ಲಿಯವರೆಗೆ ವೈದ್ಯರು ಏನು ಮಾಡುತ್ತಿದ್ದರು ಎಂಬುದು ನನಗೆ ತರಬೇತಿಯ ದಿನಗಳಲ್ಲಿ ಗೊತ್ತಾದಾಗ ನಂಬಲಾಗಲಿಲ್ಲ. ಸಂಶಯವಿದ್ದ ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸುತ್ತಿದ್ದರು. ಮೈ ಬಿಸಿಯೇರಿದಾಗ ಮೈಲಿನ್ ಕಳೆದುಕೊಂಡ ನರ ಇನ್ನಷ್ಟು ಸೋಲುತ್ತದೆ, ಅಡಗಿದ್ದ ಲಕ್ಷಣ ಹೊರಗೆ ಬರುತ್ತದೆ. ಮೈ ದಣಿದಾಗ ಕಣ್ಣು ಮಬ್ಬಾಗುವ ರೂಪದಲ್ಲಿ ಇದನ್ನು 1890ರಲ್ಲಿ ಗಮನಿಸಿ ಬರೆದಿಟ್ಟವರು ಜರ್ಮನಿಯ ಕಣ್ಣಿನ ವೈದ್ಯ ಊಟ್‌ಹಾಫ್. ಪರೀಕ್ಷೆ ಹಳೆಯದಾದರೂ ಅದರ ಹಿಂದಿನ ಸತ್ಯ ನಮ್ಮೂರಿನ ಬಚ್ಚಲುಮನೆಗಳಲ್ಲಿ ಇನ್ನೂ ನಡೆಯುತ್ತಿದೆ. ಪೆರ್ಲದ ಕಡೆಯಿಂದ ಬರುವ ಒಬ್ಬರು ಟೀಚರ್ ನನಗೆ ಹೇಳಿದ್ದು ಇದನ್ನೇ: ‘‘ಸಿಸ್ಟರ್, ಹಂಡೆಯ ಬಿಸಿನೀರು ಮೀಯುವಾಗ ಬಲಗಣ್ಣಿಗೆ ಮಬ್ಬು ಕವಿಯುತ್ತದೆ. ಹೊರಗೆ ಬಂದು ಜಗಲಿಯಲ್ಲಿ ಸ್ವಲ್ಪ ಹೊತ್ತು ಕೂತರೆ ಬಿಡುತ್ತದೆ.’’ ಮನೆಯಲ್ಲಿ ಮೊದಲು ಅದನ್ನು ಪಿತ್ತ ಎಂದರಂತೆ, ಆಮೇಲೆ ಬಿ.ಪಿ. ಎಂದರಂತೆ, ಕೊನೆಗೆ ಅತ್ತೆಯವರು ನೀರಿನ ಉರಿಯನ್ನೇ ಕಡಿಮೆ ಮಾಡಿಸಿದರಂತೆ. ಅತ್ತೆಯವರ ಚಿಕಿತ್ಸೆ ಎಲ್ಲಕ್ಕಿಂತ ಸರಿಯಾಗಿತ್ತು.

ಸಿ.ಟಿ. ಸ್ಕ್ಯಾನ್ ಬಂದಾಗಲೂ ಈ ಕಲೆಗಳು ಸರಿಯಾಗಿ ಸಿಗಲಿಲ್ಲ. 1981ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಇಯನ್ ಯಂಗ್ ಮತ್ತವರ ಸಂಗಡಿಗರು 10 ಮಂದಿ ಎಂ.ಎಸ್. ರೋಗಿಗಳನ್ನು ಎರಡೂ ಯಂತ್ರಗಳಲ್ಲಿ ನೋಡಿದರು. ಸಿ.ಟಿ.ಯಲ್ಲಿ ಒಟ್ಟು 19 ಕಲೆ ಕಂಡಿದ್ದವು, ಎಂ.ಆರ್.ಐ.ಯಲ್ಲಿ ಅವಲ್ಲದೆ ಇನ್ನೂ 112 ಕಂಡವು. ಆಗಿನ ಚಿತ್ರಗಳನ್ನು ಈಗ ನೋಡಿದರೆ ನಮ್ಮ ಸೆಂಟರಿನ ರೇಡಿಯಾಲಜಿಸ್ಟ್ ‘ಇನ್ನೊಮ್ಮೆ ತೆಗೆಯಿರಿ’ ಎಂದು ವಾಪಸು ಕಳುಹಿಸುವಷ್ಟು ಮಸುಕು. ಅಷ್ಟು ಮಸುಕಿನಲ್ಲೇ ಒಂದು ರೋಗದ ಚರಿತ್ರೆ ತಿರುಗಿತು.

ಇನ್ನು ನನಗೆ ಇಷ್ಟವಾದ ಮನುಷ್ಯನ ವಿಷಯ. ಕೆನಡಾದ ವ್ಯಾಂಕೂವರಿನಲ್ಲಿ, ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಪೇಟಿ ಎಂಬ ನರರೋಗ ತಜ್ಞರಿದ್ದರು. ಅವರ ಜೊತೆ ಕೆಲಸ ಮಾಡಿದ ರೇಡಿಯಾಲಜಿಸ್ಟ್ ಡೇವಿಡ್ ಲೀ. ಉಳಿದವರು ಕಲೆ ಇದೆಯೋ ಇಲ್ಲವೋ ಎಂದು ನೋಡುತ್ತಿದ್ದ ಕಾಲದಲ್ಲಿ ಈ ತಂಡ ಒಬ್ಬನೇ ರೋಗಿಯನ್ನು ಮತ್ತೆ ಮತ್ತೆ, ಕೆಲವೇ ವಾರಗಳ ಅಂತರದಲ್ಲಿ, ಒಂದೇ ರೀತಿಯಲ್ಲಿ ಮಲಗಿಸಿ ಚಿತ್ರ ತೆಗೆಯಿತು. ರೋಗಿ ಆರಾಮಾಗಿದ್ದೇನೆ ಎನ್ನುತ್ತಿದ್ದಾಗಲೂ ತೆಗೆಯಿತು. ಆಗ ಕಂಡದ್ದು: ಹೊರಗೆ ಒಂದು ಸಲ ರೋಗ ಮರುಕಳಿಸುವಷ್ಟರಲ್ಲಿ ಮಿದುಳಿನೊಳಗೆ ಐದರಿಂದ ಹತ್ತು ಪಟ್ಟು ಹೆಚ್ಚು ಹೊಸ ಚಟುವಟಿಕೆ ನಡೆದಿರುತ್ತದೆ. ಕೆಲವು ಕಲೆಗಳು ಹುಟ್ಟಿ, ಬೆಳೆದು, ಕುಗ್ಗಿಯೂ ಹೋಗಿರುತ್ತವೆ. ರೋಗಿಗೆ ಒಂದು ಸೀನು ಬಂದಷ್ಟೂ ಗೊತ್ತಾಗಿರುವುದಿಲ್ಲ.

ಅಡಕೆ ತೋಟ ಇರುವವರಿಗೆ ಇದನ್ನು ಹೇಳುವುದು ಸುಲಭ. ಕೊಳೆರೋಗದಲ್ಲಿ ಎಳೆಯ ಕಾಯಿ ಉದುರಿ ನೆಲದಲ್ಲಿ ಕಾಣುವ ಹೊತ್ತಿಗೆ ಮೇಲೆ ಗೊನೆಯಲ್ಲಿ ರೋಗ ಹತ್ತಿ ಬಹಳ ದಿನವಾಗಿರುತ್ತದೆ. ಬುಡದಲ್ಲಿ ಬಿದ್ದದ್ದನ್ನು ಎಣಿಸಿಕೊಂಡು ಕೂತರೆ ಆ ವರ್ಷದ ಫಸಲು ಹೋಯಿತು. ಅದಕ್ಕೇ ಮಳೆ ಹಿಡಿಯುವ ಮೊದಲೇ ಬೋರ್ಡೋ ಮದ್ದು ಬಿಡುವುದು. ಎಂ.ಎಸ್.ಗೆ ‘ಇನ್ನೊಂದು ಸಲ ಬಂದರೆ ನೋಡೋಣ’ ಎಂದು ಕಾಯುವ ಪದ್ಧತಿ ಹೋಗಿ, ಬೇಗನೆ ಮದ್ದು ಶುರು ಮಾಡುವ ಪದ್ಧತಿ ಬಂದದ್ದರ ಹಿಂದೆ ಈ ಸರಣಿ ಚಿತ್ರಗಳಿವೆ.

ಪೇಟಿಯವರ ತಂಡದ ಕೆಲಸದ ಬೆಲೆ ಗೊತ್ತಾದದ್ದು 1993ರಲ್ಲಿ. ಇಂಟರ್‌ಫೆರಾನ್ ಬೀಟಾ-1ಬಿ ಎಂಬ ಚುಚ್ಚುಮದ್ದನ್ನು ಅಮೆರಿಕ ಮತ್ತು ಕೆನಡಾದ 372 ರೋಗಿಗಳಲ್ಲಿ ಪರೀಕ್ಷಿಸಿದ್ದರು. ಕೆಲವರಿಗೆ ಹೆಚ್ಚಿನ ಡೋಸ್, ಕೆಲವರಿಗೆ ಕಡಿಮೆ, ಕೆಲವರಿಗೆ ಬರೀ ಮದ್ದಿಲ್ಲದ ಸೂಜಿ. ಹೆಚ್ಚಿನ ಡೋಸ್ ಪಡೆದವರಲ್ಲಿ ಮರುಕಳಿಸುವುದು ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆಯಾಗಿತ್ತು. ಒಳ್ಳೆಯದೇ, ಆದರೆ ಮರುಕಳಿಸಿತೋ ಇಲ್ಲವೋ ಎಂಬುದರಲ್ಲಿ ರೋಗಿಯ ಮಾತು, ವೈದ್ಯರ ಅಂದಾಜು ಎರಡೂ ಸೇರಿರುತ್ತವೆ. ಸೂಜಿ ಹಾಕಿದ ಜಾಗ ಕೆಂಪಾಗುತ್ತದೆ, ಜ್ವರ ಬರುತ್ತದೆ. ತನಗೆ ನಿಜವಾದ ಮದ್ದೇ ಸಿಕ್ಕಿದೆ ಎಂದು ರೋಗಿಗೆ ಗೊತ್ತಾಗಿಬಿಡುವ ಸಂಭವವೂ ಇದೆ. ಚಿತ್ರಕ್ಕೆ ಅದು ಗೊತ್ತಾಗುವುದಿಲ್ಲ. ಮದ್ದಿಲ್ಲದ ಗುಂಪಿನಲ್ಲಿ ಕಲೆಗಳ ಒಟ್ಟು ವಿಸ್ತಾರ ವರ್ಷದಿಂದ ವರ್ಷಕ್ಕೆ ಬೆಳೆದಿತ್ತು. ಹೆಚ್ಚಿನ ಡೋಸಿನವರಲ್ಲಿ ಬೆಳೆದಿರಲಿಲ್ಲ. ವ್ಯಾಂಕೂವರಿನ 52 ಮಂದಿಯನ್ನಂತೂ ಎರಡು ವರ್ಷ ಆರು ವಾರಕ್ಕೊಮ್ಮೆ ಸ್ಕ್ಯಾನ್ ಮಾಡಿದ್ದರು. ಆ ವರ್ಷವೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಮದ್ದಿಗೆ ಒಪ್ಪಿಗೆ ಕೊಟ್ಟಿತು. ರೋಗದ ಹಾದಿಯನ್ನೇ ಬದಲಿಸುವ ಮದ್ದು ಎಂ.ಎಸ್.ಗೆ ದೊರೆತದ್ದು ಅದೇ ಮೊದಲು.

ಆರು ವಾರಕ್ಕೊಮ್ಮೆ ಎರಡು ವರ್ಷ ಎಂದು ಓದುವಾಗ ನನಗೆ ಪೇಟಿಯವರಿಗಿಂತ ಮೊದಲು ಆ ಯಂತ್ರದ ಮುಂದೆ ಕೂತಿದ್ದ ಟೆಕ್ನಿಷಿಯನ್ ನೆನಪಿಗೆ ಬರುತ್ತಾರೆ. ಅವರ ಹೆಸರು ಯಾವ ಪಠ್ಯದಲ್ಲೂ ಇರುವುದಿಲ್ಲ. ಆದರೆ ತಲೆಯನ್ನು ಹೋದ ಸಲದ ಹಾಗೆಯೇ ಇಟ್ಟವರು ಅವರು.

ಹಾಗೆಯೇ ಇಡುವುದು ಎಂದರೆ ಏನೆಂದು ಹೇಳುತ್ತೇನೆ. ರೋಗಿ ಮಲಗಿದ ಮೇಲೆ ತಲೆಯ ಎರಡೂ ಬದಿಗೆ ಸ್ಪಂಜು ತುರುಕಿ, ತಲೆಯ ಕಾಯಿಲ್ (ಸಂಕೇತ ಹಿಡಿಯುವ ಪಂಜರ) ಮುಚ್ಚಿ, ಒಳಗೆ ಕಳುಹಿಸುತ್ತೇವೆ. ಮೊದಲು ಕೆಲವು ಸೆಕೆಂಡುಗಳ ಒಂದು ದಿಕ್ಸೂಚಿ ಚಿತ್ರ. ಅದರಲ್ಲಿ ಮಿದುಳನ್ನು ನಟ್ಟನಡುವೆ ಸೀಳಿದ ನೋಟ ಸಿಗುತ್ತದೆ. ಎಡ ಬಲ ಎರಡು ಅರ್ಧಗಳನ್ನು ಸೇರಿಸುವ, ಬಾಗಿದ ಬಿಳಿಯ ಪಟ್ಟಿ ಅಲ್ಲಿ ಎದ್ದು ಕಾಣುತ್ತದೆ. ಅದಕ್ಕೆ ಕಾರ್ಪಸ್ ಕಲೋಸಮ್ ಎಂದು ಹೆಸರು. ಅದರ ಮುಂದಿನ ತುದಿ ಮತ್ತು ಹಿಂದಿನ ತುದಿಯ ಅಡಿಯನ್ನು ಮುಟ್ಟುವಂತೆ ಒಂದು ಗೆರೆ ಎಳೆದು, ಆ ಗೆರೆಗೆ ಸಮಾನಾಂತರವಾಗಿ ಮಿದುಳನ್ನು ಮೂರು ಮಿಲಿಮೀಟರ್ ದಪ್ಪದ ಹೋಳುಗಳಾಗಿ ತೆಗೆಯುತ್ತೇವೆ. ಹೋಳುಗಳ ನಡುವೆ ಸಂದು ಬಿಡಬಾರದು. ಅವಸರದಲ್ಲಿ ಗೆರೆ ಸ್ವಲ್ಪ ಓರೆಯಾದರೆ ಹೋದ ವರ್ಷ ಎರಡು ಹೋಳಿನಲ್ಲಿ ಹಂಚಿಹೋಗಿ ಮಸುಕಾಗಿದ್ದ ಸಣ್ಣ ಕಲೆ ಈ ವರ್ಷ ಒಂದೇ ಹೋಳಿನಲ್ಲಿ ಫಕ್ಕನೆ ಕಾಣುತ್ತದೆ. ವರದಿಯಲ್ಲಿ ‘ಹೊಸ ಕಲೆ’ ಎಂದು ಬರುತ್ತದೆ. ಹೊಸ ಕಲೆ ಎಂದರೆ ಮದ್ದು ಸೋತಿತು ಎಂದು ಅರ್ಥವಾಗಬಹುದು. ಇನ್ನೂ ಬಲವಾದ, ಇನ್ನೂ ದುಬಾರಿ ಮದ್ದಿಗೆ ಚೀಟಿ ಬರೆಯುತ್ತಾರೆ. ನನ್ನ ಓರೆ ಗೆರೆಗೆ ಒಂದು ಮನೆಯ ಅಡಕೆ ಮಾರಾಟವಾಗಬಹುದು.

ಬೆಳ್ಳಗಿನ ಆ ಕಲೆಗಳು ಚೆನ್ನಾಗಿ ಕಾಣುವುದು ಫ್ಲೇರ್ ಎಂಬ ಚಿತ್ರದಲ್ಲಿ. ಮಿದುಳಿನ ಒಳಗಿನ ನೀರಿನ ಹೊಳಪನ್ನು ಅಳಿಸಿ, ಅದರ ದಡದಲ್ಲಿರುವ ಕಲೆಯನ್ನು ಮಾತ್ರ ಉಳಿಸುವ ಜಾಣತನ ಅದು. ಅದೂ ಹ್ಯಾಮರ್‌ಸ್ಮಿತ್‌ನವರದೇ, 1990ರ ದಶಕದ ಆರಂಭದ್ದು. ಬದಿಯಿಂದ ನೋಡಿದರೆ ಎಂ.ಎಸ್.ನ ಕಲೆಗಳು ಆ ಬಾಗಿದ ಪಟ್ಟಿಯಿಂದ ನೆಟ್ಟಗೆ ಮೇಲಕ್ಕೆ ಎದ್ದು ನಿಂತಿರುತ್ತವೆ. 1916ರಲ್ಲಿ ಎಡಿನ್‌ಬರೋದ ಜೇಮ್ಸ್ ಡಾಸನ್ ಸೂಕ್ಷ್ಮದರ್ಶಕದಲ್ಲಿ ನೋಡಿ ವಿವರಿಸಿದ್ದರಿಂದ ಅವನ್ನು ಈಗಲೂ ಡಾಸನ್ನರ ಬೆರಳುಗಳು ಎನ್ನುತ್ತಾರೆ. ಪರದೆಯಲ್ಲಿ ಅವು ಮೂಡುವಾಗ ಗಾಜಿನ ಈಚೆ ಕೂತ ನನಗೆ ಗೊತ್ತಾಗಿಬಿಡುತ್ತದೆ. ಆದರೆ ಹೇಳುವ ಅಧಿಕಾರ ನನಗಿಲ್ಲ. ಹೊರಗೆ ಬಂದವರು ಮುಖ ನೋಡುತ್ತಾರೆ. ‘‘ಚಿತ್ರ ಚೆನ್ನಾಗಿ ಬಂದಿದೆ’’ ಎನ್ನುತ್ತೇನೆ. ಅದು ಸುಳ್ಳೂ ಅಲ್ಲ.

ಟೀಚರ್ ಮೊದಲ ಸಲ ಬಂದಾಗ ಕರಿಮಣಿ ತೆಗೆಯಲು ಒಪ್ಪಲಿಲ್ಲ. ಚಿನ್ನವನ್ನು ಅಯಸ್ಕಾಂತ ಎಳೆಯುವುದಿಲ್ಲ ಎಂದು ಅವರಿಗೂ ಗೊತ್ತು, ವಿಜ್ಞಾನವನ್ನೇ ಕಲಿಸುವವರು. ಕೊಂಡಿಯಲ್ಲಿ ಯಾವ ಲೋಹ ಇದೆಯೆಂದು ಯಾರಿಗೆ ಗೊತ್ತು ಎಂದು ನಾನು ಕೇಳಿದೆ. ಅಷ್ಟರಲ್ಲಿ ಅತ್ತೆಯವರೇ ಮುಂದೆ ಬಂದು ಅದನ್ನು ಬಿಚ್ಚಿ ತಮ್ಮ ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಸೆರಗಿನ ಪಿನ್ನು, ತಲೆಯ ಕ್ಲಿಪ್ಪು, ಸೊಂಟದ ತಾಯಿತ ಒಂದೊಂದಾಗಿ ಹೊರಗೆ ಬಂದವು. ವರದಿ ಬಂದ ಮೇಲೆ ಟೀಚರ ಗಂಡ ಫಿಲಂ ಅನ್ನು ಕಿಟಕಿಗೆ ಹಿಡಿದು ಬಿಳಿ ಚುಕ್ಕೆ ಎಣಿಸತೊಡಗಿದರು. ಬಹಳ ಮಂದಿ ಹೀಗೆ ಎಣಿಸುತ್ತಾರೆ. ಎಣಿಕೆಗೆ ಅಷ್ಟು ಅರ್ಥವಿಲ್ಲ. ಮಿದುಳಿನ ತುಂಬ ಕಲೆ ಇದ್ದೂ ನಡೆದುಕೊಂಡು ಬರುವವರಿದ್ದಾರೆ. ಬೆನ್ನುಹುರಿಯಲ್ಲಿ ಒಂದೇ ಕಲೆ ಇದ್ದು ಗಾಲಿಕುರ್ಚಿಯಲ್ಲಿ ಬರುವವರೂ ಇದ್ದಾರೆ. ಆಮ್‌ಸ್ಟರ್‌ಡ್ಯಾಮಿನ ರೇಡಿಯಾಲಜಿಸ್ಟ್ ಫ್ರೆಡರಿಕ್ ಬಾರ್ಖೋಫ್ 2002ರಲ್ಲಿ ಈ ಹೊಂದಾಣಿಕೆಯಿಲ್ಲದ ಸಂಗತಿಯ ಮೇಲೆಯೇ ಬರೆದರು. ಕಲೆ ಎಲ್ಲಿದೆ, ಒಳಗಿನ ನರತಂತು ಉಳಿದಿದೆಯೋ ಕಡಿದಿದೆಯೋ, ಉಳಿದ ಮಿದುಳು ಎಷ್ಟು ಸರಿದೂಗಿಸುತ್ತಿದೆ ಎಂಬುದೆಲ್ಲ ಸೇರಬೇಕು. 2001ರಲ್ಲಿ ಇಯನ್ ಮೆಕ್‌ಡೊನಾಲ್ಡ್ ಅವರ ನೇತೃತ್ವದಲ್ಲಿ ತಯಾರಾಗಿ ಆಮೇಲೆ ಹಲವು ಸಲ ತಿದ್ದುಪಡಿಯಾದ ರೋಗನಿರ್ಣಯದ ಸೂತ್ರವೂ ಎಣಿಕೆಗೆ ನಿಲ್ಲುವುದಿಲ್ಲ. ರೋಗ ಬೇರೆ ಬೇರೆ ಜಾಗದಲ್ಲಿ, ಬೇರೆ ಬೇರೆ ಕಾಲದಲ್ಲಿ ಆದದ್ದಕ್ಕೆ ಅದು ಸಾಕ್ಷಿ ಕೇಳುತ್ತಿತ್ತು; 2024ರ ತಿದ್ದುಪಡಿಯ ಮೇಲೆ ಕಾಲದ ಸಾಕ್ಷಿ ಎಲ್ಲರಿಗೂ ಕಡ್ಡಾಯವಲ್ಲ. ಆದರೂ ಕಾಲದ ಸಾಕ್ಷಿ ಬೇಕಾದಾಗ ಅದಕ್ಕೆ ಹಳೆಯ ಫಿಲಂಗಿಂತ ಒಳ್ಳೆಯದು ಯಾವುದು?

ಮದ್ದುಗಳ ಕತೆ ಉದ್ದವಿದೆ. ನನಗೆ ಬೇಕಾದಷ್ಟನ್ನು ಮಾತ್ರ ಹೇಳುತ್ತೇನೆ. ಎಂ.ಎಸ್.ನಲ್ಲಿ ತಪ್ಪೆಲ್ಲ ಟಿ ಕೋಶಗಳೆಂಬ ಬಿಳಿ ರಕ್ತಕಣಗಳದು ಎಂದು ಬಹುಕಾಲ ನಂಬಿದ್ದರು. ಸ್ಯಾನ್ ಫ್ರಾನ್ಸಿಸ್ಕೋದ ನರರೋಗ ತಜ್ಞ ಸ್ಟೀಫನ್ ಹೌಸರ್ ಬಿಳಿ ರಕ್ತಕಣಗಳ ಇನ್ನೊಂದು ಬಗೆಯಾದ ಬಿ ಕೋಶಗಳ ಬೆನ್ನು ಹತ್ತಿದರು. 2008ರಲ್ಲಿ 104 ರೋಗಿಗಳ ಒಂದು ಸಣ್ಣ ಪರೀಕ್ಷೆಯಲ್ಲಿ ಬಿ ಕೋಶಗಳನ್ನು ಖಾಲಿ ಮಾಡುವ ರಿಟುಕ್ಸಿಮ್ಯಾಬ್ ಎಂಬ ಕ್ಯಾನ್ಸರಿನ ಮದ್ದು ಕೊಟ್ಟಾಗ ಗ್ಯಾಡೋಲಿನಿಯಂ (ಸ್ಕ್ಯಾನಿಗಾಗಿ ರಕ್ತನಾಳಕ್ಕೆ ಕೊಡುವ ಸೂಜಿ) ಹಿಡಿಯುವ ಕಲೆಗಳು, ಎಂದರೆ ಆಗಷ್ಟೇ ಉರಿಯುತ್ತಿರುವವು, ಶೇಕಡ 91ರಷ್ಟು ಕಡಿಮೆಯಾದವು. ಇಲ್ಲಿಯೂ ಮೊದಲು ಮಾತನಾಡಿದ್ದು ಚಿತ್ರವೇ. ಅದೇ ದಾರಿಯಲ್ಲಿ 2017ರಲ್ಲಿ ಓಕ್ರೆಲಿಜುಮ್ಯಾಬ್ ಬಂದಿತು. ಅದರ ಬೆಲೆ ನಮ್ಮವರ ಕೈಗೆ ಎಟುಕುವಂಥದ್ದಲ್ಲ. ರಿಟುಕ್ಸಿಮ್ಯಾಬ್ ಎಟುಕುತ್ತದೆ, ಅದಕ್ಕೆ ಕಾರಣ ಹೈದರಾಬಾದಿನ ಡಾ. ರೆಡ್ಡೀಸ್ ಕಂಪನಿ 2007ರಲ್ಲೇ ಅದರ ಸಮಾನ ರೂಪವನ್ನು ಮಾರುಕಟ್ಟೆಗೆ ತಂದದ್ದು. ಎಂ.ಎಸ್.ಗೆಂದು ಪರವಾನಗಿ ಇಲ್ಲದಿದ್ದರೂ ಸ್ವೀಡನ್ನಿನ ವೈದ್ಯರು ಇದನ್ನೇ ಧಾರಾಳವಾಗಿ ಬಳಸುತ್ತಾರೆ. ಅವರ 2022ರ ಹೋಲಿಕೆ ಪರೀಕ್ಷೆಯಲ್ಲಿ ಇದನ್ನು ಪಡೆದ ಶೇಕಡ 3 ಮಂದಿಗೆ ರೋಗ ಮರುಕಳಿಸಿದರೆ ಡೈಮೀಥೈಲ್ ಫ್ಯೂಮರೇಟ್ ಮಾತ್ರೆ ಪಡೆದವರಲ್ಲಿ ಶೇಕಡ 16 ಮಂದಿಗೆ ಮರುಕಳಿಸಿತ್ತು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ರಿಟುಕ್ಸಿಮ್ಯಾಬನ್ನು ಎಂ.ಎಸ್.ಗೆ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಶ್ರೀಮಂತ ದೇಶದ ಪ್ರಯೋಗಾಲಯದಿಂದ ಹೊರಟ ಒಂದು ವಿಚಾರ ಪೆರ್ಲದ ಟೀಚರ ತನಕ ಬಂದದ್ದು ಹೀಗೆ ಸುತ್ತು ಬಳಸಿ.

ಗಡಿಯಲ್ಲಿ ಇರುವವರಿಗೆ ಮದ್ದಿನ ಆಯ್ಕೆಯಲ್ಲಿ ರಸ್ತೆಯೂ ಒಂದು ಲೆಕ್ಕ. ನಮ್ಮ ದೊಡ್ಡ ಆಸ್ಪತ್ರೆ ಎಂದರೆ ಮಂಗಳೂರು. 2020ರ ಮಾರ್ಚ್ ಕೊನೆಯಲ್ಲಿ ಕೋವಿಡ್ ಎಂದು ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿದಾಗ ಚಿಕಿತ್ಸೆಗೆ ಆ ಕಡೆಯನ್ನೇ ನಂಬಿದ್ದವರು ಏನಾದರು ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ರಿಟುಕ್ಸಿಮ್ಯಾಬ್ ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ. ಕೆಲವು ವಾರ ತಡವಾದರೂ ಅದರ ಪರಿಣಾಮ ಅಷ್ಟು ಬೇಗ ಇಳಿಯುವುದಿಲ್ಲ. ಎಂ.ಎಸ್.ನ ಇನ್ನೊಂದು ಮದ್ದಾದ ನಟಾಲಿಜುಮ್ಯಾಬ್ ಹಾಗಲ್ಲ. ತಿಂಗಳ ಮದ್ದು ಅದು, ನಿಲ್ಲಿಸಿದರೆ ರೋಗ ದುಪ್ಪಟ್ಟು ಸೇಡಿನಿಂದ ಎದ್ದು ಬರುವುದುಂಟು. ಇನ್ನೊಂದು ಕಡೆ, ಬಿ ಕೋಶಗಳನ್ನೇ ಖಾಲಿ ಮಾಡುವ ಮದ್ದು ಪಡೆದವರಿಗೆ ಕೋವಿಡ್ ಬಿರುಸಾಗಿ ಬರುವ ಭಯವಿತ್ತು, ಲಸಿಕೆಯೂ ಸರಿಯಾಗಿ ಹತ್ತುತ್ತಿರಲಿಲ್ಲ. ವೈದ್ಯರು ಇದನ್ನೆಲ್ಲ ತೂಗಿ ನೋಡಿಯೇ ಬರೆಯುತ್ತಾರೆ ಎಂದುಕೊಳ್ಳುತ್ತೇನೆ. ಆದರೆ ಮನೆ ಎಲ್ಲಿ, ಬಸ್ಸು ಎಷ್ಟು ಹೊತ್ತಿಗೆ ಎಂದು ರೋಗಿಯ ಕಡೆಯವರೂ ಬಾಯಿಬಿಟ್ಟು ಹೇಳಬೇಕು.

ಈ ರೋಗ ನಮ್ಮ ಕಡೆ ಇಲ್ಲವೇ ಇಲ್ಲ, ಬಿಳಿಯರ ಕಾಯಿಲೆ ಎಂದು ಹಿಂದೆ ಹೇಳುತ್ತಿದ್ದರು. ನಮ್ಮ ಪಕ್ಕದಲ್ಲೇ, ದೇರಳಕಟ್ಟೆಯ ಕೆ.ಎಸ್. ಹೆಗ್ಡೆ ವೈದ್ಯಕೀಯ ಅಕಾಡೆಮಿಯಲ್ಲಿ, ನರರೋಗ ತಜ್ಞೆ ಡಾ. ಲೇಖಾ ಪಂಡಿತ್ ಇಂಥ ರೋಗಿಗಳ ದಾಖಲೆ ಕಟ್ಟುತ್ತಾ ಬಂದರು. 2014ರಲ್ಲಿ ಪ್ರಕಟವಾದ ಅವರ ಮಂಗಳೂರಿನ ಲೆಕ್ಕದಂತೆ ಲಕ್ಷಕ್ಕೆ ಸುಮಾರು ಎಂಟು ಮಂದಿಗೆ ಎಂ.ಎಸ್. ಇದೆ. ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ಕಡಿಮೆಯೇ, ಇಲ್ಲವೆನ್ನುವಷ್ಟು ಕಡಿಮೆಯಲ್ಲ. ಅವರು ತುಂಬ ಕೆಲಸ ಮಾಡಿದ ಇನ್ನೊಂದು ರೋಗ ಎನ್.ಎಂ.ಒ. (ನ್ಯೂರೋಮೈಲೈಟಿಸ್ ಆಪ್ಟಿಕಾ). ಅದೂ ಕಣ್ಣಿನ ನರವನ್ನೂ ಬೆನ್ನುಹುರಿಯನ್ನೂ ಹಿಡಿಯುತ್ತದೆ, ಆದ್ದರಿಂದ ಬಹಳ ಕಾಲ ಎಂ.ಎಸ್. ಜೊತೆ ಬೆರೆತುಹೋಗಿತ್ತು. 2004ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ವಾಂಡಾ ಲೆನನ್ ಮತ್ತು ಸಂಗಡಿಗರು ಅದಕ್ಕೇ ಮೀಸಲಾದ ಪ್ರತಿಕಾಯವೊಂದನ್ನು ಕಂಡುಹಿಡಿದ ಮೇಲೆ ಎರಡೂ ಬೇರೆ ಎಂದು ಖಚಿತವಾಯಿತು. ಇದು ಬರೀ ಪಂಡಿತರ ಜಗಳವಲ್ಲ: ಎಂ.ಎಸ್.ಗೆ ಒಳ್ಳೆಯದು ಮಾಡಿದ ಇಂಟರ್‌ಫೆರಾನ್ ಎನ್.ಎಂ.ಒ. ಇರುವವರನ್ನು ಇನ್ನಷ್ಟು ಹಾಳು ಮಾಡಬಹುದು. ಚಿತ್ರದಲ್ಲಿ ವ್ಯತ್ಯಾಸ ಹೀಗೆ: ಎಂ.ಎಸ್.ನ ಕಲೆ ಬೆನ್ನುಹುರಿಯಲ್ಲಿ ಚಿಕ್ಕದು, ಒಂದು ಬದಿಗೆ ಸರಿದದ್ದು, ಎನ್.ಎಂ.ಒ.ದ್ದು ಮೂರು ಅಥವಾ ಹೆಚ್ಚು ಬೆನ್ನುಮೂಳೆಗಳಷ್ಟು ಉದ್ದಕ್ಕೆ ಹುರಿಯ ನಡುವಿನಲ್ಲೇ ಹರಿದದ್ದು. ಹಾಗಾಗಿ ಚೀಟಿಯಲ್ಲಿ ‘ಮಿದುಳು’ ಎಂದಷ್ಟೇ ಬರೆದು ಕಳುಹಿಸಿದರೆ ನನಗೆ ಕಿರಿಕಿರಿ. ಬೆನ್ನುಹುರಿಯನ್ನೂ ನೋಡಬೇಕೇ ಎಂದು ಫೋನ್ ಮಾಡಿ ಕೇಳುತ್ತೇನೆ, ಬೈಸಿಕೊಂಡದ್ದೂ ಉಂಟು.

ಗ್ಯಾಡೋಲಿನಿಯಂ ಬಗ್ಗೆ ಎಲ್ಲರಿಗೂ ಹೆದರಿಕೆ, ‘‘ಆ ಸೂಜಿ ಬೇಕೇ ಬೇಕಾ?’’ ಎಂದು ಕೇಳುತ್ತಾರೆ. ಮೊದಲ ಸಲದ ಪರೀಕ್ಷೆಯಲ್ಲಿ ಅದು ಬಹಳ ಉಪಕಾರಿ: ರಕ್ತ ಮತ್ತು ಮಿದುಳಿನ ನಡುವಿನ ತಡೆಗೋಡೆ ಸೋರುವಲ್ಲಿ ಮಾತ್ರ ಅದು ಒಳಹೊಕ್ಕು ಬೆಳಗುತ್ತದೆ. ಆದ್ದರಿಂದ ಕೆಲವು ವಾರಗಳ ಹೊಸ ಕಲೆ ಯಾವುದು, ಹಳೆಯದು ಯಾವುದು ಎಂದು ಒಂದೇ ಸಲದಲ್ಲಿ ಬೇರ್ಪಡಿಸಬಹುದು. ಸೂಜಿ ಹಾಕಿದ ಕೂಡಲೇ ಚಿತ್ರ ತೆಗೆಯಬಾರದು, ಕನಿಷ್ಠ ಐದು ನಿಮಿಷ ಕಾಯಬೇಕು. ಹೊರಗಿನವರು ಗಡಿಬಿಡಿ ಮಾಡಿದರೂ ನಾನು ಕಾಯುತ್ತೇನೆ. ಮೂತ್ರಪಿಂಡ ಸರಿಯಿಲ್ಲದವರಿಗೆ ಅಪಾಯವಿರುವುದರಿಂದ ಕ್ರಿಯಾಟಿನಿನ್ ವರದಿ ನೋಡಿಯೇ ಕೊಡುವುದು. 2014ರಲ್ಲಿ ಜಪಾನಿನ ವೈದ್ಯರು ಮತ್ತೆ ಮತ್ತೆ ಈ ಸೂಜಿ ಪಡೆದವರ ಮಿದುಳಿನಲ್ಲಿ ಅದರ ಅಂಶ ಉಳಿದಿರುವ ಗುರುತನ್ನು ತೋರಿಸಿದರು. 2021ರ ಅಂತರರಾಷ್ಟ್ರೀಯ ಶಿಫಾರಸು ಬಂದ ಮೇಲೆ ಪ್ರತಿಸಲದ ಅನುಸರಣಾ ಸ್ಕ್ಯಾನಿಗೂ ಸೂಜಿ ಬೇಕೆಂದಿಲ್ಲ. ಹೋದ ಸಲದ ಒಳ್ಳೆಯ ಚಿತ್ರ ಇದ್ದು, ಈ ಸಲವೂ ಅದೇ ರೀತಿ ತೆಗೆದಿದ್ದರೆ ಹೋಲಿಕೆಯಲ್ಲೇ ಹೊಸತು ಗೊತ್ತಾಗುತ್ತದೆ. ಎಂದರೆ, ಸೂಜಿ ತಪ್ಪಿಸಬೇಕಾದರೆ ಹಳೆಯ ಚಿತ್ರ ತರಬೇಕು.

ತರುವುದು ಹೇಗೆ ಎಂಬುದಕ್ಕೆ ನಾಲ್ಕು ಮಾತು. ಫಿಲಂಗಿಂತ ಸಿ.ಡಿ. ಅಥವಾ ಪೆನ್‌ಡ್ರೈವ್ ಒಳ್ಳೆಯದು, ಅದರಲ್ಲಿ ಎಲ್ಲ ಹೋಳುಗಳೂ ಇರುತ್ತವೆ. ಫಿಲಂನಲ್ಲಿ ಆಯ್ದವು ಮಾತ್ರ. ವಾಟ್ಸಾಪಿನಲ್ಲಿ ತೆಗೆದ ಫಿಲಂನ ಫೋಟೋ ಯಾವುದಕ್ಕೂ ಆಗುವುದಿಲ್ಲ, ದಯವಿಟ್ಟು ಅದನ್ನು ತೋರಿಸಿ ವಾದ ಮಾಡಬೇಡಿ. ಸಾಧ್ಯವಿದ್ದರೆ ಪ್ರತಿಸಲ ಒಂದೇ ಸೆಂಟರಿಗೆ, ಒಂದೇ ಯಂತ್ರಕ್ಕೆ ಹೋಗಿ. ಅದು ನಮ್ಮದೇ ಆಗಬೇಕೆಂದಿಲ್ಲ. ಫಿಲಂ ಮಾತ್ರ ಇರುವವರು ಅದನ್ನು ಅಟ್ಟದ ಮೇಲೆ ಇಡಬೇಡಿ, ಸುತ್ತಿಯೂ ಇಡಬೇಡಿ. ನಮ್ಮ ಮಳೆಗಾಲದ ತೇವಕ್ಕೆ ಫಿಲಂಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹಾಗೆ ಅಂಟಿಕೊಂಡಿದ್ದರೆ ಎಳೆದು ಬಿಡಿಸಲು ಹೋಗಬೇಡಿ, ಚಿತ್ರದ ಪದರವೇ ಕಿತ್ತು ಬರುತ್ತದೆ. ಅಂಟಿದ್ದನ್ನು ಅಂಟಿದ ಹಾಗೆಯೇ ತನ್ನಿ.